ಪೀಟರ್ ಡಿಂಕ್ಲೇಜ್ ಬಗ್ಗೆ ಒಂದು ಪುಟ ಬರೆಯಬೇಕು, ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ

ಚಿತ್ರಗುಚ್ಛ
ಎಲ್ಲರಿಗೂ ನಮಸ್ಕಾರ. ನಮ್ಮದೊಂದು ಸಣ್ಣ ಸಿನಿಮಾ ಬಳಗ ಇದೆ. ತಿಂಗಳಿಗೊಂದು ಚಿತ್ರ ನೋಡಿ, ಕೂತು ಮಾತಾಡುತ್ತೇವೆ. ಮುಂದಿನ ತಿಂಗಳು ಹಾಲಿವುಡ್ ನಟ ಪೀಟರ್ ಡಿಂಕ್ಲೇಜ್ ಅವರ ಸರದಿ. ಬಂದವರ ಕೈಗೆ ಕೊಡಲು ಒಂದು ಪುಟದ ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಇಷ್ಟು ಬರೆದಿದ್ದೇನೆ. ಹುಟ್ಟಿದ್ದು 1969ರ ಜೂನ್ 11, ಅಮೆರಿಕದ ನ್ಯೂಜೆರ್ಸಿಯಲ್ಲಿ. ತಂದೆ ಇನ್ಶೂರೆನ್ಸ್ ಮಾರುತ್ತಿದ್ದರು, ತಾಯಿ ಶಾಲೆಯಲ್ಲಿ ಸಂಗೀತದ ಟೀಚರ್. ಅಕಾಂಡ್ರೊಪ್ಲೇಸಿಯಾ (ಕೈಕಾಲಿನ ಎಲುಬು ಗಿಡ್ಡವಾಗಿಯೇ ಉಳಿಯುವ, ಹುಟ್ಟಿನಿಂದ ಬರುವ ಸ್ಥಿತಿ) ಇರುವುದರಿಂದ ಎತ್ತರ 4 ಅಡಿ 5 ಇಂಚು. 1991ರಲ್ಲಿ ಬೆನ್ನಿಂಗ್ಟನ್ ಕಾಲೇಜಿನಲ್ಲಿ ನಾಟಕದ ಓದು ಮುಗಿಸಿದರು. 1995ರಲ್ಲಿ ಮೊದಲ ಸಿನಿಮಾ, 2003ರಲ್ಲಿ 'ದಿ ಸ್ಟೇಷನ್ ಏಜೆಂಟ್'. 2011ರಿಂದ 2019ರವರೆಗೆ 'ಗೇಮ್ ಆಫ್ ಥ್ರೋನ್ಸ್' ಸರಣಿಯಲ್ಲಿ ಟಿರಿಯನ್. ಆ ಒಂದೇ ಪಾತ್ರಕ್ಕೆ ನಾಲ್ಕು ಎಮ್ಮಿ, ಅಂದರೆ ಅಮೆರಿಕದ ಟಿವಿ ಪ್ರಶಸ್ತಿ.

ಬಳಗದ ಹಿರಿಯರೊಬ್ಬರು ಓದಿ ನೋಡಿ, "ಮೇಲುಗಡೆ 'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಅಂತ ಹಾಕಿಬಿಡು, ಚೆನ್ನಾಗಿರುತ್ತೆ" ಅಂದರು. ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅಂತ ಅವರಿಗೆ ಬಿಡಿಸಿ ಹೇಳಲೂ ಆಗಲಿಲ್ಲ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ಅದು ನನಗೆ ಗೊತ್ತು.

ಹಾಗಾಗಿ ಕೇಳುತ್ತಿದ್ದೇನೆ. ಆ ಗಾದೆ ಹಾಕಬಹುದಾ? ಡ್ವಾರ್ಫಿಸಂಗೆ (ಎತ್ತರ ತೀರ ಕಡಿಮೆ ಇರುವ ಸ್ಥಿತಿಗೆ) ಕನ್ನಡದಲ್ಲಿ ಯಾವ ಪದ ಬಳಸಲಿ? ಮತ್ತೆ, ಯಾವ ಸಿನಿಮಾ ತೋರಿಸಲಿ?

ಸರಣಿಪ್ರಿಯ
ಗಾದೆ ಹಾಕಿ ಬಿಡಿ ಸರ್, ಹೊಗಳಿಕೆ ತಾನೇ? ಇದರಲ್ಲಿ ತಪ್ಪೇನಿದೆ?

ಓದುಗಿತ್ತಿ
ತಪ್ಪಿದೆ. "ಆದರೂ" ಅನ್ನುವ ಪದದಲ್ಲೇ ಇದೆ. ಎತ್ತರ ಇಲ್ಲ, ಆದರೂ ಗೆದ್ದರು ಅಂತ ಅರ್ಥ ಬರುತ್ತೆ. ಎತ್ತರಕ್ಕೂ ನಟನೆಗೂ ಏನು ಸಂಬಂಧ? ಆರಡಿ ನಟರಿಗೆ ಯಾರಾದರೂ "ಮೂರ್ತಿ ದೊಡ್ಡದು, ಕೀರ್ತಿಯೂ ದೊಡ್ಡದು" ಅಂತ ಬರೆಯುತ್ತಾರಾ?

ಮಗಳಪ್ಪ
ಓದುಗಿತ್ತಿ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಮಗಳಿಗೂ ಅಕಾಂಡ್ರೊಪ್ಲೇಸಿಯಾ ಇದೆ. ಈಗ ಒಂಬತ್ತು ವರ್ಷ. ಅವಳು ಚಿತ್ರ ಬರೆದು ತೋರಿಸಿದರೂ ಈ ಗಾದೆ, ಲೆಕ್ಕದಲ್ಲಿ ಒಳ್ಳೆ ಅಂಕ ತಂದರೂ ಇದೇ ಗಾದೆ. ಬರುವ ನೆಂಟರೆಲ್ಲ ಪ್ರೀತಿಯಿಂದಲೇ ಹೇಳುತ್ತಾರೆ. ಹೋದ ವರ್ಷ ಅವಳೇ ಒಂದು ದಿನ ಕೇಳಿದಳು, "ಅಪ್ಪ, ಅಣ್ಣನಿಗೆ ಯಾಕೆ ಯಾರೂ ಇದನ್ನು ಹೇಳಲ್ಲ?" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರಣಿಪ್ರಿಯ
ಅಯ್ಯೋ, ಇಷ್ಟು ಯೋಚನೆ ಮಾಡಿರಲಿಲ್ಲ ಅಣ್ಣ. ನನ್ನ ಮಾತು ವಾಪಸ್ ತಗೊಂಡೆ. ಗಾದೆ ಬೇಡ.

ಪದಪ್ರೇಮಿ
ಎರಡನೇ ಪ್ರಶ್ನೆಗೆ ಬರುತ್ತೇನೆ. ಪತ್ರಿಕೆಗಳಲ್ಲಿ ಹೆಚ್ಚಾಗಿ "ಕುಬ್ಜ" ಅಂತ ಇರುತ್ತೆ. ಸಂಸ್ಕೃತದಲ್ಲಿ ಆ ಪದಕ್ಕೆ ಗೂನುಬೆನ್ನಿನವರು ಅಂತ ಅರ್ಥ. ಭಾಗವತದ ಕುಬ್ಜೆ ಗೂನು ಬೆನ್ನಿನವಳು, ಎತ್ತರ ಕಡಿಮೆ ಇದ್ದವಳಲ್ಲ. ಕನ್ನಡಕ್ಕೆ ಬಂದು ಅರ್ಥ ಬದಲಾಯಿತು. ಈಗ ವೈದ್ಯರ ಬರಹದಲ್ಲೂ "ಕುಬ್ಜತೆ" ಅಂದರೆ ಡ್ವಾರ್ಫಿಸಂ. ಇನ್ನು "ಕುಳ್ಳ", "ಗಿಡ್ಡ" ಮನೆಯಲ್ಲಿ ಸಲುಗೆಗೆ ಹೇಳಬಹುದು. ಅಚ್ಚಾಗುವ ಕಾಗದದಲ್ಲಿ ಬೇಡವೇ ಬೇಡ. "ವಾಮನಮೂರ್ತಿ" ಅಂತ ಬರೆಯುವ ಚಪಲವೂ ನಮ್ಮಲ್ಲಿ ಜಾಸ್ತಿ. ಅದೂ ಬೇಡ.

ನನ್ನ ಸಲಹೆ: "ಕುಬ್ಜತೆ ಇರುವ ನಟ". ಸ್ಥಿತಿಗೆ ಹೆಸರಿರಲಿ, ಮನುಷ್ಯನಿಗೆ ಅದೇ ಹೆಸರಾಗಬಾರದು.

ಹಳೇಟಾಕೀಸ್
ಇಂಗ್ಲಿಷಿನಲ್ಲೂ ಇದೇ ಜಗಳ ನಡೆದಿದೆ. "ಮಿಡ್ಜೆಟ್" ಅನ್ನುವ ಪದ 19ನೇ ಶತಮಾನದ ಪ್ರದರ್ಶನಗಳ ಕಾಲದ್ದು. ದುಡ್ಡು ಕೊಟ್ಟು ಮನುಷ್ಯರನ್ನು ನೋಡಲು ಹೋಗುತ್ತಿದ್ದ ಕಾಲ ಅದು. ಹಾಗಾಗಿ ಇವತ್ತು ಅಮೆರಿಕದಲ್ಲಿ ಅದು ಬೈಗುಳ. 1957ರಲ್ಲಿ ಬಿಲ್ಲಿ ಬಾರ್ಟಿ ಅನ್ನುವ ನಟ ನೆವಾಡಾದ ರೀನೋ ಊರಿನಲ್ಲಿ ತಮ್ಮಂಥ ಹತ್ತಿಪ್ಪತ್ತು ಜನರನ್ನು ಸೇರಿಸಿದರು. ಅದೇ ಮುಂದೆ 'ಲಿಟ್ಲ್ ಪೀಪಲ್ ಆಫ್ ಅಮೆರಿಕ' ಸಂಘಟನೆ ಆಯಿತು. ಆ ಸಂಘ ಕಟ್ಟಿದ್ದು ಒಬ್ಬ ನಟ ಅನ್ನುವುದನ್ನು ಮರೆಯಬೇಡಿ. ಜನ ತಮ್ಮನ್ನು ಹೇಗೆ ನೋಡುತ್ತಾರೆ ಅಂತ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು?

ಚಿತ್ರಗುಚ್ಛ
ಪದಪ್ರೇಮಿ ಸರ್, "ಕುಬ್ಜತೆ ಇರುವ ನಟ" ಬರೆದುಕೊಂಡೆ. ಆದರೆ ಮೊದಲ ಸಾಲಿನಲ್ಲೇ ಅದನ್ನು ಹಾಕಬೇಕಾ, ಅಥವಾ ಕೆಳಗೆ ಎಲ್ಲಾದರೂ ಬಂದರೆ ಸಾಕಾ?

ರಂಗದ ಮೂಲೆಯಿಂದ
ಇಲ್ಲಿ ನಾನೂ ಸ್ವಲ್ಪ ಮಾತಾಡುತ್ತೇನೆ. ನನ್ನ ಎತ್ತರ 4 ಅಡಿ. ಹನ್ನೆರಡು ವರ್ಷದಿಂದ ಹವ್ಯಾಸಿ ರಂಗಭೂಮಿಯಲ್ಲಿ ಇದ್ದೇನೆ.

ಮುಚ್ಚಿಡಬೇಡಿ. ಬಂದವರ ಕಣ್ಣಿಗೆ ಅದು ಕಾಣುತ್ತಲೇ ಇರುತ್ತೆ. ನೀವು ಹೇಳದೇ ಬಿಟ್ಟರೆ ಏನೋ ಹೇಳಬಾರದ ವಿಷಯ ಅನ್ನುವ ಹಾಗೆ ಆಗುತ್ತೆ. ಆದರೆ ಅದೇ ಕಥೆ ಅಂತಲೂ ಮಾಡಬೇಡಿ. ಅವರ ಕಥೆ ಏನು ಗೊತ್ತಾ? ಅವರು ಯಾವ ಪಾತ್ರ ಬೇಡ ಅಂದರು ಅನ್ನುವುದು. ಕಾಲೇಜು ಮುಗಿಸಿ ನ್ಯೂಯಾರ್ಕಿಗೆ ಬಂದಾಗ ಎಲ್ಫ್, ಲೆಪ್ರಿಕಾನ್ ಥರದ ಪಾತ್ರಗಳು ಅವರಿಗೆ ಸಿಗುತ್ತಿದ್ದವು. ಅಂದರೆ ಕಿವಿ ಚೂಪು ಮಾಡಿ, ಹಸಿರು ಬಟ್ಟೆ ತೊಡಿಸಿ ಕುಣಿಸುವಂಥವು. ಜಾಹೀರಾತಿನಲ್ಲಿ ಅದಕ್ಕೆ ಒಳ್ಳೆ ದುಡ್ಡೂ ಇರುತ್ತೆ. ಅವರು ಒಲ್ಲೆ ಅಂದರು. ಬಾಡಿಗೆ ಕಟ್ಟಲು ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದರು. ಆರು ವರ್ಷ! 2012ರಲ್ಲಿ ಬೆನ್ನಿಂಗ್ಟನ್ ಕಾಲೇಜಿನ ಪದವಿ ಸಮಾರಂಭದಲ್ಲಿ ಅವರೇ ಇದನ್ನೆಲ್ಲ ಹೇಳಿದ್ದಾರೆ. ಬ್ರೂಕ್ಲಿನ್‌ನಲ್ಲಿ ಮಸಾಲೆ ಕಾರ್ಖಾನೆ ಎದುರಿನ ಮನೆ, ಇಷ್ಟವಿಲ್ಲದ ಕೆಲಸ. 29ನೇ ವಯಸ್ಸಿಗೆ ತೀರ್ಮಾನ ಮಾಡಿದರು: ಇನ್ನು ಮುಂದೆ ಸಂಬಳ ಎಷ್ಟೇ ಇರಲಿ, ನಟನೆಯೇ ನನ್ನ ಕೆಲಸ.

ಆ ಆರು ವರ್ಷವನ್ನು ನಿಮ್ಮ ಪುಟದಲ್ಲಿ ಬಿಟ್ಟಿದ್ದೀರಿ. 1995ರಿಂದ ನೇರ 2003ಕ್ಕೆ ಹಾರಿದ್ದೀರಿ. ದಯವಿಟ್ಟು ಅದನ್ನು ಹಾಕಿ.

ಬೆಂಚ್ ಮೇಲಿನವನು
ಬೇಡ ಅನ್ನುವುದು ಎಲ್ಲರಿಗೂ ಆಗುತ್ತಾ? ಅವರು ಖಾಸಗಿ ಶಾಲೆಯಲ್ಲಿ ಓದಿದವರು, ಒಳ್ಳೆ ಕಾಲೇಜಿಗೆ ಹೋದವರು. ಡೇಟಾ ಎಂಟ್ರಿ ಕೆಲಸವಾದರೂ ಸಿಕ್ಕಿತು. ಎಷ್ಟೋ ಜನರಿಗೆ ಆ ಕೆಲಸವೂ ಕೊಡುವುದಿಲ್ಲ. ಅವರಿಗೆ ಕ್ರಿಸ್‌ಮಸ್ ನಾಟಕದಲ್ಲಿ ಎಲ್ಫ್ ವೇಷ ಹಾಕುವುದೇ ವರ್ಷದ ಸಂಪಾದನೆ. ಬೇಡ ಅನ್ನಲು ಹೊಟ್ಟೆ ತುಂಬಿರಬೇಕು ಗುರು.

ರಂಗದ ಮೂಲೆಯಿಂದ
ಒಪ್ಪುತ್ತೇನೆ. ಅರ್ಧ ಮಾತ್ರ.

ನಾನೂ ಆ ಥರದ ವೇಷ ಹಾಕಿದ್ದೇನೆ. ಒಂದು ನಾಟಕದ ತಂಡದವರು ನನ್ನನ್ನು ಕರೆದಾಗ ರಾಜನ ಆಸ್ಥಾನದ ಪಾತ್ರ ಅಂದಿದ್ದರು. ಹೋಗಿ ನೋಡಿದರೆ ಮಾತೇ ಇಲ್ಲ. ಮೂರು ಸಲ ಬೀಳಬೇಕು, ಜನ ನಗಬೇಕು, ಅಷ್ಟೇ. ಮೂರು ಪ್ರದರ್ಶನ ಮಾಡಿದೆ. ಒಪ್ಪಿಕೊಂಡ ಮೇಲೆ ಕೈ ಕೊಡಬಾರದು ಅಂತ ಮಾಡಿದೆ. ನಾಲ್ಕನೆಯದಕ್ಕೆ ಹೋಗಲಿಲ್ಲ. ಮೂರನೇ ದಿನ ಮುಂದಿನ ಸಾಲಿನಲ್ಲಿ ನನ್ನ ತಮ್ಮನ ಮಗ ಕೂತಿದ್ದ. ಎಲ್ಲರೂ ನಗುತ್ತಿದ್ದರು, ಅವನೊಬ್ಬ ನಗಲಿಲ್ಲ.

ದುಡ್ಡಿಗಾಗಿ ಆ ವೇಷ ಹಾಕುವವರನ್ನು ನಾನು ಯಾವತ್ತೂ ಕೀಳಾಗಿ ನೋಡಲ್ಲ. ಆದರೆ ಒಬ್ಬ ನಟ ಬೇಡ ಅಂದು, ಆ ಬೇಡಕ್ಕೆ ಆರು ವರ್ಷ ಬೆಲೆ ಕಟ್ಟಿದರೆ, ಅದನ್ನು ಹೊಟ್ಟೆ ತುಂಬಿದವರ ಮಾತು ಅನ್ನಬೇಡಿ.

ಬೆಂಚ್ ಮೇಲಿನವನು
ಸರ್, ನಿಮ್ಮ ಅನುಭವದ ಮುಂದೆ ನನ್ನ ಮಾತು ಸಣ್ಣದು. ಆದರೂ ಡಿಂಕ್ಲೇಜ್ ಎಲ್ಲ ಕಡೆ ಒಂದೇ ನಿಲುವು ಇಟ್ಟಿಲ್ಲ ಅಲ್ವಾ? 2008ರ ನಾರ್ನಿಯಾ ಚಿತ್ರದಲ್ಲಿ ಟ್ರಂಪ್ಕಿನ್ ಆಗಿದ್ದರು. ಗಡ್ಡ ಇಟ್ಟ ಡ್ವಾರ್ಫ್ ಪಾತ್ರವೇ ಅದು, ಅಂದರೆ ಹಳೇ ಕಥೆಗಳಲ್ಲಿ ಬರುವ ಪುಟ್ಟ ಮನುಷ್ಯ.

ಸರಣಿಪ್ರಿಯ
ಅದಾದ ಮೇಲೇನೇ ಅಲ್ವಾ ಟಿರಿಯನ್ ಪಾತ್ರ ಬಂದಿದ್ದು! ಆಗ ಅವರು ಹಾಕಿದ ಷರತ್ತು ಏನು ಗೊತ್ತಾ? ಗಡ್ಡ ಬೇಡ, ಚೂಪು ಮೂತಿಯ ಶೂ ಬೇಡ. ಎರಡೇ ಮಾತು. ಒಂದು ಸಲ ಮಾಡಿ ನೋಡಿ, ಇನ್ನು ಸಾಕು ಅಂತ ಅನ್ನಿಸಿರಬಹುದು. ಮನುಷ್ಯ ಕಲಿಯುವುದು ಹಾಗೇ.

ಆಮೇಲೆ ಸ್ವಲ್ಪ ಸಮಯ ಕಳೆದಂತೆ ಗಡ್ಡವನ್ನೂ ಬೆಳೆಸಿದರು. ಆದರೆ ಅಷ್ಟು ಹೊತ್ತಿಗೆ ಅದು ಟಿರಿಯನ್ ಗಡ್ಡ, ಡ್ವಾರ್ಫ್ ಗಡ್ಡ ಅಲ್ಲ.

ಓದುಗಿತ್ತಿ
ಈ ಕೊನೆ ಸಾಲು ತುಂಬ ಇಷ್ಟವಾಯಿತು.

ಹಳೇಟಾಕೀಸ್
1995ರ ಮೊದಲ ಸಿನಿಮಾ ನೋಡಿದವರು ಇದ್ದೀರಾ? 'ಲಿವಿಂಗ್ ಇನ್ ಒಬ್ಲಿವಿಯನ್', ನಿರ್ದೇಶಕ ಟಾಮ್ ಡಿಚಿಲ್ಲೊ. ಕಡಿಮೆ ದುಡ್ಡಿನ ಸಿನಿಮಾ ತಂಡವೊಂದರ ಕಥೆ. ಸ್ಟೀವ್ ಬುಶೆಮಿ ನಿರ್ದೇಶಕನ ಪಾತ್ರದಲ್ಲಿದ್ದಾರೆ. ಕನಸಿನ ದೃಶ್ಯಕ್ಕೆ ಅಂತ ಟಿಟೊ ಅನ್ನುವ ನಟನನ್ನು ಕರೆಸುತ್ತಾರೆ. ಆ ಟಿಟೊ ಡಿಂಕ್ಲೇಜ್. ಬಣ್ಣದ ಸೂಟು ಹಾಕಿ, ಸೇಬು ಹಿಡಿದು ಸುತ್ತಬೇಕು. ಎರಡು ಮೂರು ಟೇಕ್ ಆದ ಮೇಲೆ ಟಿಟೊ ಸಿಡಿಯುತ್ತಾನೆ. ಕನಸು ಅಂದ ತಕ್ಷಣ ಡ್ವಾರ್ಫ್ ಯಾಕೆ ಬರಬೇಕು, ನಿಮಗೆ ಯಾವತ್ತಾದರೂ ಅಂಥ ಕನಸು ಬಿದ್ದಿದೆಯಾ ಅಂತ ಕೇಳುತ್ತಾನೆ. ನನಗೇ ಬೀಳಲ್ಲ ಅನ್ನುತ್ತಾನೆ.

ಮುಂದಿನ ಅವರ ಬದುಕನ್ನೆಲ್ಲ ಆ ಎರಡು ನಿಮಿಷದಲ್ಲಿ ಹೇಳಿಬಿಟ್ಟ ಹಾಗಿದೆ. ಮೊದಲ ಸಿನಿಮಾದಲ್ಲೇ! ನೋಡಿ ಮೈ ಜುಂ ಅಂದಿತ್ತು.

ಚಿತ್ರಗುಚ್ಛ
ಇದು ಗೊತ್ತೇ ಇರಲಿಲ್ಲ. ಇದನ್ನೇ ತೋರಿಸಲಾ?

ಹಳೇಟಾಕೀಸ್
ಬೇಡ, ಅದರಲ್ಲಿ ಅವರದು ಸಣ್ಣ ಪಾತ್ರ. ಆ ತುಣುಕು ಮೊದಲು ತೋರಿಸಿ, ಆಮೇಲೆ 'ದಿ ಸ್ಟೇಷನ್ ಏಜೆಂಟ್' ಹಾಕಿ.

ಟಾಮ್ ಮೆಕಾರ್ಥಿ ನಿರ್ದೇಶನ. ಫಿನ್ ಅನ್ನುವವನಿಗೆ ರೈಲು ಅಂದರೆ ಪ್ರಾಣ. ಇದ್ದ ಒಬ್ಬ ಗೆಳೆಯ ಸತ್ತು, ನ್ಯೂಜೆರ್ಸಿಯ ಮೂಲೆಯಲ್ಲಿರುವ ಹಳೇ ಸ್ಟೇಷನ್ ಕಟ್ಟಡ ಇವನ ಹೆಸರಿಗೆ ಬರುತ್ತೆ. ಒಬ್ಬನೇ ಇರೋಣ ಅಂತ ಅಲ್ಲಿಗೆ ಹೋಗುತ್ತಾನೆ. ಕಾಫಿ ಗಾಡಿಯ ಹುಡುಗ ಬಿಡುವುದಿಲ್ಲ, ಮಗನನ್ನು ಕಳೆದುಕೊಂಡ ಹೆಂಗಸು ಬಿಡುವುದಿಲ್ಲ. ಮೂವರೂ ಹಳಿ ಮೇಲೆ ಸುಮ್ನೆ ನಡೆಯುತ್ತಾರೆ. ಅಷ್ಟೇ ಸಿನಿಮಾ. ಹಾರಾಟವಿಲ್ಲ, ಕೂಗಾಟವಿಲ್ಲ. ಅಂಗಡಿಯಲ್ಲಿ ಜನ ತಿರುಗಿ ನೋಡುವುದು, ಮಕ್ಕಳು ಕೇಳುವುದು ಎಲ್ಲ ಬರುತ್ತೆ. ಅದಕ್ಕಾಗಿ ಕಣ್ಣೀರು ಹಾಕಿ ಅಂತ ಯಾರೂ ನಮ್ಮನ್ನು ಒತ್ತಾಯ ಮಾಡುವುದಿಲ್ಲ. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂದಿತ್ತು.

ಮಗಳಪ್ಪ
ಮಕ್ಕಳು ನೋಡಬಹುದಾ ಸರ್?

ಹಳೇಟಾಕೀಸ್
ಒಂಬತ್ತು ವರ್ಷಕ್ಕೆ ಬೇಡ. ಬೈಗುಳ ಇದೆ, ಅಮೆರಿಕದಲ್ಲಿ ದೊಡ್ಡವರ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಆಯ್ದ ದೃಶ್ಯ ತೋರಿಸಬಹುದು.

ಸರಣಿಪ್ರಿಯ
ಟಿರಿಯನ್ ಬಿಟ್ಟು ಡಿಂಕ್ಲೇಜ್ ಬಗ್ಗೆ ಮಾತಾಡಿದರೆ ಹೇಗೆ? ಎಂಟು ಸೀಸನ್, ಎಂಟಕ್ಕೂ ಎಮ್ಮಿ ನಾಮನಿರ್ದೇಶನ. ಗೆದ್ದದ್ದು 2011, 2015, 2018, 2019. ಎರಡನೇ ಸೀಸನ್‌ನಿಂದ ಟೈಟಲ್ ಕಾರ್ಡಿನಲ್ಲಿ ಮೊದಲ ಹೆಸರು ಅವರದೇ. 2014ರಲ್ಲಿ ಬಂದ ವಿಚಾರಣೆ ದೃಶ್ಯ ನೆನಪಿದೆಯಾ? ಮಾಡದ ಕೊಲೆಗೆ ಕಟಕಟೆಯಲ್ಲಿ ನಿಲ್ಲಿಸಿರುತ್ತಾರೆ. ನನ್ನ ಮೇಲೆ ನಿಜವಾದ ಆರೋಪ ಅಂದರೆ ನಾನು ಹೀಗೆ ಹುಟ್ಟಿದ್ದು, ಹುಟ್ಟಿದಾಗಿನಿಂದ ಅದಕ್ಕೇ ನನ್ನ ವಿಚಾರಣೆ ನಡೆಯುತ್ತಾ ಇದೆ ಅನ್ನುವ ಅರ್ಥದ ಮಾತು. ಆದರೆ ಆ ವರ್ಷ ಎಮ್ಮಿ ಸಿಗಲಿಲ್ಲ. ನನಗೆ ಇವತ್ತಿಗೂ ಬೇಜಾರಿದೆ.

ಓದುಗಿತ್ತಿ
ನನಗೆ ಟಿರಿಯನ್‌ಗಿಂತ 2020ರ 'ಐ ಕೇರ್ ಎ ಲಾಟ್' ಚಿತ್ರದ ಪಾತ್ರ ಮುಖ್ಯ ಅನ್ನಿಸುತ್ತೆ. ಅದರಲ್ಲಿ ಅವರು ಭೂಗತ ಲೋಕದ ದೊಡ್ಡ ತಲೆ. ಕಥೆಗೆ ಎತ್ತರದ ಗೊಡವೆಯೇ ಇಲ್ಲ. ಆ ಪಾತ್ರವನ್ನು ಯಾರು ಬೇಕಾದರೂ ಮಾಡಬಹುದಿತ್ತು, ಇವರು ಮಾಡಿದರು. 2014ರ ಎಕ್ಸ್-ಮೆನ್ ಚಿತ್ರದ ವಿಜ್ಞಾನಿ ಪಾತ್ರವೂ ಹಾಗೇ. ಒಬ್ಬ ನಟನಿಗೆ ಸಿಗಬೇಕಾದ ಸ್ವಾತಂತ್ರ್ಯ ಅದು.

2021ರ 'ಸಿರಾನೊ' ಕೂಡ ಸೇರಿಸಿ. ಆ ಹಳೇ ನಾಟಕದಲ್ಲಿ ನಾಯಕನಿಗೆ ಉದ್ದ ಮೂಗು, ಅದೇ ಅವನ ಸಂಕಟ. ಡಿಂಕ್ಲೇಜ್ ಅವರ ಹೆಂಡತಿ ಎರಿಕಾ ಶ್ಮಿಟ್ ಹೊಸದಾಗಿ ಬರೆಯುವಾಗ ಆ ಅಂಟಿಸಿದ ಮೂಗನ್ನು ತೆಗೆದೇ ಬಿಟ್ಟರು.

ಜೀನ್ ಪಾಠ
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಪುಟದಲ್ಲಿ ಅಕಾಂಡ್ರೊಪ್ಲೇಸಿಯಾ ಅಂತ ಬರೆದಿದ್ದೀರಿ, ಅದರ ಬಗ್ಗೆ ಎರಡು ಸಾಲು ಇದ್ದರೆ ಒಳ್ಳೆಯದು. ಇದು ಪೌಷ್ಟಿಕಾಂಶದ ಕೊರತೆ ಅಲ್ಲ, ತಾಯಿ ಏನೋ ತಿಂದದ್ದರಿಂದ ಬಂದದ್ದೂ ಅಲ್ಲ. ಎಫ್‌ಜಿಎಫ್‌ಆರ್3 ಅನ್ನುವ ಜೀನ್‌ನಲ್ಲಿ ಆಗುವ ಒಂದು ಬದಲಾವಣೆ. 1994ರಲ್ಲಿ ಇದು ಪತ್ತೆ ಆಯಿತು. ಮೃದು ಎಲುಬು ಗಟ್ಟಿ ಎಲುಬಾಗಿ ಬೆಳೆಯುವುದಕ್ಕೆ ಈ ಜೀನ್ ಬ್ರೇಕ್ ಹಾಕುತ್ತೆ. ಬದಲಾವಣೆ ಆದಾಗ ಬ್ರೇಕ್ ಜಾಸ್ತಿ ಬೀಳುತ್ತೆ. ಕೈಕಾಲು ಗಿಡ್ಡ ಆಗುತ್ತೆ, ಮುಂಡ ಹೆಚ್ಚು ಕಡಿಮೆ ಎಲ್ಲರಂತೆಯೇ ಇರುತ್ತೆ. ಇಂಥ ಸುಮಾರು 80% ಮಕ್ಕಳು ಹುಟ್ಟುವುದು ಸಾಮಾನ್ಯ ಎತ್ತರದ ತಂದೆ ತಾಯಿಗೇ. ಡಿಂಕ್ಲೇಜ್ ಅವರ ಮನೆಯಲ್ಲೂ ಅವರೊಬ್ಬರೇ. ಅಣ್ಣ ಜೊನಾಥನ್ ವಯಲಿನ್ ವಾದಕರು, ಅವರಿಗೆ ಇದು ಇಲ್ಲ.

ಕುಬ್ಜತೆಗೆ ಕಾರಣಗಳು ನೂರಾರು. ಎಲ್ಲವನ್ನೂ ಒಂದೇ ಅಂದುಕೊಳ್ಳಬೇಡಿ. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ದಪ್ಪ ಅಕ್ಷರದಲ್ಲಿ ಹಾಕಿ.

ಮಗಳಪ್ಪ
ಜೀನ್ ಪಾಠ ಮೇಡಂ, "ತಾಯಿ ತಿಂದದ್ದರಿಂದ ಅಲ್ಲ" ಅಂದಿರಲ್ಲ, ನಿಮಗೆ ಕೈ ಮುಗಿಯುತ್ತೇನೆ. ನನ್ನ ಹೆಂಡತಿ ಎರಡು ವರ್ಷ ಆ ಮಾತು ಕೇಳಿ ಕೇಳಿ ಅತ್ತಿದ್ದಾಳೆ. ಒಂದು ಪ್ರಶ್ನೆ. ದಿನಾ ಕೊಡುವ ಇಂಜೆಕ್ಷನ್ ಬಂದಿದೆಯಂತೆ?

ಜೀನ್ ಪಾಠ
ಹೌದು, ವೊಸೊರಿಟೈಡ್. ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಎಲುಬು ಬೆಳೆಯುವ ವಯಸ್ಸಿನ ಮಕ್ಕಳಿಗೆ ಮಾತ್ರ. ಕುಬ್ಜತೆ ಇರುವವರ ನಡುವೆಯೇ ಇದರ ಬಗ್ಗೆ ಎರಡು ಅಭಿಪ್ರಾಯ ಇದೆ. ನಾವೇನು ರೋಗವಾ, ಸರಿಮಾಡಲು? ಅಂತ ಕೆಲವರು ಕೇಳುತ್ತಾರೆ. ನಿಮ್ಮ ಮಗಳಿಗೆ ಬೇಕೋ ಬೇಡವೋ ಅನ್ನುವುದನ್ನು ಅವಳನ್ನು ನೋಡುವ ಡಾಕ್ಟರ ಹತ್ತಿರವೇ ಮಾತಾಡಿ ಅಣ್ಣ. ಇಲ್ಲಿ ನಾನು ಹೇಳುವುದು ಸರಿಯಲ್ಲ.

ಬೆಂಚ್ ಮೇಲಿನವನು
ನಾನು ಮತ್ತೆ ನನ್ನ ಮಾತಿಗೆ ಬರುತ್ತೇನೆ. 2022ರ ಜನವರಿಯಲ್ಲಿ ಒಂದು ಪಾಡ್‌ಕಾಸ್ಟಿನಲ್ಲಿ ಡಿಂಕ್ಲೇಜ್ ಡಿಸ್ನಿಯವರ ಹೊಸ 'ಸ್ನೋ ವೈಟ್' ಚಿತ್ರವನ್ನು ಕಟುವಾಗಿ ಟೀಕಿಸಿದರು. ನಾಯಕಿಯ ಆಯ್ಕೆಯಲ್ಲಿ ಹೊಸತನ ತೋರಿಸುತ್ತೀರಿ, ಗುಹೆಯಲ್ಲಿರುವ ಏಳು ಡ್ವಾರ್ಫ್‌ಗಳ ಹಳೇ ಕಥೆ ಮಾತ್ರ ಹಾಗೇ ಇಡುತ್ತೀರಾ ಅನ್ನುವುದು ಅವರ ಸಿಟ್ಟು. ಏನಾಯಿತು ಕೊನೆಗೆ? 2025ರಲ್ಲಿ ಸಿನಿಮಾ ಬಂತು. ಏಳು ಜನರನ್ನೂ ಕಂಪ್ಯೂಟರಿನಲ್ಲಿ ಮಾಡಿದರು. ಏಳು ನಟರಿಗೆ ಸಿಗಬಹುದಿದ್ದ ತೆರೆ ಹೋಯಿತು. ಕುಬ್ಜತೆ ಇರುವ ಬೇರೆ ನಟರೇ ಆಗ ಅವರ ಮೇಲೆ ಸಿಟ್ಟಾದರು. ನಿಮಗೆ ಕೆಲಸ ಇದೆ, ನಮ್ಮ ಕೆಲಸ ಯಾಕೆ ಕಿತ್ತುಕೊಳ್ಳುತ್ತೀರಿ ಅಂದರು. ಇದಕ್ಕೆ ಏನು ಹೇಳುತ್ತೀರಿ?

ಓದುಗಿತ್ತಿ
ಕಂಪ್ಯೂಟರಿನಲ್ಲಿ ಮಾಡಿ ಅಂತ ಅವರು ಹೇಳಿರಲಿಲ್ಲವಲ್ಲ. ಕಥೆ ಬದಲಿಸಿ ಅಂದರು.

ಬೆಂಚ್ ಮೇಲಿನವನು
ಹೇಳಿದ್ದು ಒಂದು, ಆದದ್ದು ಇನ್ನೊಂದು. ದೊಡ್ಡವರ ಮಾತಿನ ಭಾರ ಸಣ್ಣವರ ಮೇಲೆ ಬೀಳುತ್ತೆ.

ಹಳೇಟಾಕೀಸ್
ಬೆಂಚ್ ಅವರೇ, ನಿಮ್ಮ ಮಾತಿನಲ್ಲಿ ತೂಕ ಇದೆ. ಆದರೆ ಕೆಲಸ ಕಿತ್ತುಕೊಂಡವರು ಯಾರು ಅಂತ ಸರಿಯಾಗಿ ನೋಡಿ. 2012ರಲ್ಲೇ 'ಸ್ನೋ ವೈಟ್ ಅಂಡ್ ದಿ ಹಂಟ್ಸ್‌ಮನ್' ಬಂತು. ಡ್ವಾರ್ಫ್ ಪಾತ್ರಗಳಿಗೆ ಸಾಮಾನ್ಯ ಎತ್ತರದ ಹೆಸರಾಂತ ನಟರನ್ನೇ ಹಾಕಿ, ಕಂಪ್ಯೂಟರಿನಲ್ಲಿ ಕುಗ್ಗಿಸಿದರು. ಡಿಂಕ್ಲೇಜ್ ಆ ಪಾಡ್‌ಕಾಸ್ಟಿನಲ್ಲಿ ಮಾತಾಡುವುದಕ್ಕೂ ಹತ್ತು ವರ್ಷ ಮೊದಲಿನದು ಅದು. 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರದಲ್ಲಿ ಗಿಮ್ಲಿ ಅನ್ನುವ ಡ್ವಾರ್ಫ್ ಪಾತ್ರ ಮಾಡಿದವರು ಆರಡಿಗೂ ಮೇಲಿದ್ದಾರೆ. 2023ರ 'ವೊಂಕಾ'ದಲ್ಲಿ ಊಂಪಾ ಲೂಂಪಾ ಅನ್ನುವ ಪುಟ್ಟ ಮನುಷ್ಯ ಆದವರು ಸಾಮಾನ್ಯ ಎತ್ತರದ ನಟ ಹ್ಯೂ ಗ್ರಾಂಟ್. ಒಂದು ಕಡೆ ನಾಯಕನ ಪಾತ್ರ ಕೊಡಲ್ಲ. ಇನ್ನೊಂದು ಕಡೆ ಡ್ವಾರ್ಫ್ ಪಾತ್ರವನ್ನೂ ಬಿಡಲ್ಲ. ಇದು ನಿರ್ಮಾಪಕರ ಲೆಕ್ಕ. ಒಬ್ಬ ನಟನ ತಲೆಗೆ ಕಟ್ಟಬೇಡಿ.

ಇನ್ನೂ ಹಿಂದೆ ಹೋದರೆ 1939ರ 'ವಿಝರ್ಡ್ ಆಫ್ ಆಝ್'. ಮಂಚ್ಕಿನ್ ಅನ್ನುವ ಪುಟ್ಟ ಜನರಾಗಿ ನೂರಕ್ಕೂ ಹೆಚ್ಚು ಜನ ಕುಬ್ಜತೆ ಇರುವ ಕಲಾವಿದರು. ತೆರೆ ಮೇಲೆ ಒಬ್ಬರ ಹೆಸರೂ ಬರಲಿಲ್ಲ. ತಂಡದ ಹೆಸರು ಮಾತ್ರ, ಅದೂ "ಸಿಂಗರ್ ಮಿಡ್ಜೆಟ್ಸ್" ಅಂತ. 2007ರಲ್ಲಿ ಹಾಲಿವುಡ್ ರಸ್ತೆಯ ಮೇಲೆ ಅವರ ನೆನಪಿಗೆ ಒಂದು ನಕ್ಷತ್ರ ಹಾಕಿದರು. ಅಷ್ಟು ಹೊತ್ತಿಗೆ ಬದುಕಿದ್ದವರು ಬೆರಳೆಣಿಕೆ.

ಪದಪ್ರೇಮಿ
ಈ ಕೆಲಸದ ಪ್ರಶ್ನೆ ಕೋರ್ಟಿಗೂ ಹೋಗಿದೆ, ಫ್ರಾನ್ಸಿನಲ್ಲಿ. ಅಲ್ಲಿ ಡಿಸ್ಕೋ ಕ್ಲಬ್ಬುಗಳಲ್ಲಿ ಕುಬ್ಜತೆ ಇರುವ ವ್ಯಕ್ತಿಯನ್ನು ಎತ್ತಿ ಹಾಸಿಗೆ ಮೇಲೆ ಎಸೆಯುವ ಆಟ ನಡೆಯುತ್ತಿತ್ತು. ಊರಿನ ಮೇಯರ್ ನಿಷೇಧ ಮಾಡಿದರು. ಎಸೆಸಿಕೊಳ್ಳುತ್ತಿದ್ದ ವ್ಯಕ್ತಿಯೇ ಕೇಸು ಹಾಕಿದರು. ಇದು ನನ್ನ ದುಡಿಮೆ, ನನಗೆ ಬೇರೆ ಕೆಲಸ ಸಿಗುತ್ತಿಲ್ಲ ಅಂತ. 1995ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ನಿಷೇಧವನ್ನೇ ಎತ್ತಿಹಿಡಿಯಿತು. ಮನುಷ್ಯನ ಘನತೆ ಅವನೊಬ್ಬನ ಸ್ವತ್ತಲ್ಲ ಅನ್ನುವ ಅರ್ಥದಲ್ಲಿ. ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ ಕೂಡ 2002ರಲ್ಲಿ ಫ್ರಾನ್ಸಿನ ಪರವಾಗಿಯೇ ಹೇಳಿತು.

ಆ ತೀರ್ಪು ಸರಿ ಅನ್ನಿಸುತ್ತೆ. ಹಾಗೇ ಆ ವ್ಯಕ್ತಿ ನಾಳೆ ಊಟಕ್ಕೆ ಏನು ಮಾಡಬೇಕು ಅಂತಲೂ ಅನ್ನಿಸುತ್ತೆ. ನನಗೆ ಎರಡೂ ಕಾಡುತ್ತವೆ.

ಸರಣಿಪ್ರಿಯ
2012ರಲ್ಲಿ ಗೋಲ್ಡನ್ ಗ್ಲೋಬ್ ಗೆದ್ದಾಗ ಡಿಂಕ್ಲೇಜ್ ವೇದಿಕೆ ಮೇಲೆ ಒಬ್ಬರ ಹೆಸರು ಹೇಳಿದ್ದು ಇದಕ್ಕೇ. ಇಂಗ್ಲೆಂಡಿನಲ್ಲಿ ಒಬ್ಬ ಕುಬ್ಜತೆ ಇರುವ ವ್ಯಕ್ತಿಯನ್ನು ಯಾರೋ ಪಬ್ ಹೊರಗೆ ಎತ್ತಿ ಎಸೆದಿದ್ದರು. ಪಾಪ, ಬೆನ್ನಿಗೆ ಪೆಟ್ಟು. ತನ್ನ ಗೆಲುವಿನ ಆ ಅರ್ಧ ನಿಮಿಷವನ್ನು ಅವರಿಗೆ ಕೊಟ್ಟರು. ಭಾಷಣ ಮಾಡಲಿಲ್ಲ. ಹೆಸರು ಹೇಳಿ, ಹುಡುಕಿ ನೋಡಿ ಅಂದು ಇಳಿದರು.

ಮಲೆಯಂಚು
ಕುಬ್ಜತೆ ಇರುವ ಇಂಗ್ಲೆಂಡಿನ ನಟ ವಾರ್ವಿಕ್ ಡೇವಿಸ್ ಬಗ್ಗೆ ಯಾರೂ ಹೇಳಲಿಲ್ಲ! ಅವರದು ಇನ್ನೊಂದು ದಾರಿ. 'ರಿಟರ್ನ್ ಆಫ್ ದಿ ಜೆಡೈ' ಚಿತ್ರಕ್ಕೆ 4 ಅಡಿಗಿಂತ ಕಡಿಮೆ ಇರುವವರು ಬೇಕು ಅನ್ನುವ ರೇಡಿಯೋ ಜಾಹೀರಾತನ್ನು ಅವರ ಅಜ್ಜಿ ಕೇಳಿಸಿಕೊಂಡರು. ಹುಡುಗನಿಗೆ ಆಗ 11 ವರ್ಷ. ರೋಮದ ವೇಷದೊಳಗೆ ವಿಕೆಟ್ ಅನ್ನುವ ಇವಾಕ್, ಅಂದರೆ ಪುಟ್ಟ ಕಾಡುಜೀವಿ ಆದ. 1988ರಲ್ಲಿ 'ವಿಲೋ' ಚಿತ್ರದ ನಾಯಕ. ಆಮೇಲೆ ಹ್ಯಾರಿ ಪಾಟರ್ ಚಿತ್ರಗಳಲ್ಲಿ ಪ್ರೊಫೆಸರ್ ಫ್ಲಿಟ್ವಿಕ್. ಫ್ಯಾಂಟಸಿ ಪಾತ್ರ ಬೇಡ ಅನ್ನಲಿಲ್ಲ, ಒಳಗೆ ನಿಂತೇ ಗಟ್ಟಿಯಾದರು. ತಮ್ಮಂಥ ನಟರಿಗೆ ಕೆಲಸ ಕೊಡಿಸುವ ಏಜೆನ್ಸಿ ಶುರು ಮಾಡಿದರು. 2012ರಲ್ಲಿ ಹೆಂಡತಿ ಜೊತೆ ಸೇರಿ 'ಲಿಟ್ಲ್ ಪೀಪಲ್ ಯುಕೆ' ಕಟ್ಟಿದರು. 2025ರಲ್ಲಿ ಬ್ರಿಟನ್ನಿನ ಸಿನಿಮಾ ಗೌರವ ಬಾಫ್ಟಾ ಫೆಲೋಶಿಪ್ ಬಂತು. ಇದನ್ನೂ ಸೋಲು ಅನ್ನುತ್ತೀರಾ?

ರಂಗದ ಮೂಲೆಯಿಂದ
ಯಾರಾದರೂ ಸೋಲು ಅಂದರಾ? ಡೇವಿಸ್ ನನಗೆ ತುಂಬ ಇಷ್ಟ. ಆ ಹ್ಯಾರಿ ಪಾಟರ್ ಪಾತ್ರದಲ್ಲಿ ಅವರು ಪಾಠ ಮಾಡುವ ಮೇಷ್ಟ್ರು. ಮಕ್ಕಳು ಅವರ ಮಾತು ಕೇಳಿ ಕಲಿಯುತ್ತಾರೆ. ಬಿದ್ದು ನಗಿಸುವ ಪಾತ್ರಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಫ್ಯಾಂಟಸಿ ತಪ್ಪಲ್ಲ. ಪಾತ್ರಕ್ಕೆ ಒಳಗೊಂದು ಜೀವ ಇದೆಯಾ ಇಲ್ಲವಾ ಅನ್ನುವುದೇ ಪ್ರಶ್ನೆ.

ದಕ್ಷಿಣದ ತೆರೆ
ಅಮೆರಿಕ, ಇಂಗ್ಲೆಂಡ್ ಆಯಿತು. ಪಕ್ಕದ ಮಲಯಾಳಂನ ಗಿನ್ನೆಸ್ ಪಕ್ರು ಇದ್ದಾರಲ್ಲ? 2005ರಲ್ಲಿ 'ಅದ್ಭುತ ದ್ವೀಪ್' ಚಿತ್ರದ ನಾಯಕ. 2013ರಲ್ಲಿ ನಿರ್ದೇಶನವನ್ನೂ ಮಾಡಿದರು.

ಓದುಗಿತ್ತಿ
ಅವರಿಗೆ ಬೇರೆಯದೇ ಚರ್ಚೆ ಶುರು ಮಾಡಿ, ಖಂಡಿತ ಬರುತ್ತೇನೆ. ಇಲ್ಲಿ ಒಂದು ಸಾಲಿನಲ್ಲಿ ಮುಗಿಸಿದರೆ ಅವರಿಗೆ ಅನ್ಯಾಯ.

ಹಳೇಟಾಕೀಸ್
ಮೈಕಲ್ ಡನ್ ಹೆಸರನ್ನಾದರೂ ಹೇಳಿ ಹೋಗುತ್ತೇನೆ. 'ಶಿಪ್ ಆಫ್ ಫೂಲ್ಸ್' ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ, 1965ರ ಸಿನಿಮಾ. ಅದ್ಭುತ ನಟ. 1973ರಲ್ಲಿ 38ನೇ ವಯಸ್ಸಿಗೇ ಹೋದರು. ಡಿಂಕ್ಲೇಜ್ ಹುಟ್ಟಿ ಆಗ ನಾಲ್ಕು ವರ್ಷ.

ಮಗಳಪ್ಪ
ಪಾತ್ರದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಮಗಳ ಶಾಲೆಯಲ್ಲಿ ಪ್ರತಿ ವರ್ಷ ನಾಟಕ ಇರುತ್ತೆ. ಎರಡು ವರ್ಷ ಅವಳಿಗೆ ವಾಮನನ ಪಾತ್ರ. ಮೊದಲ ವರ್ಷ ಖುಷಿಯಾಗಿ ಮಾಡಿದಳು. ಕೊಡೆ ಹಿಡಿದು, ಕಮಂಡಲ ಹಿಡಿದು ಚೆನ್ನಾಗಿಯೇ ಮಾಡಿದಳು. ಎರಡನೇ ವರ್ಷ, ವಾಮನ ಬೆಳೆದು ತ್ರಿವಿಕ್ರಮ ಆಗುವಾಗ ಅವಳನ್ನು ಪರದೆ ಹಿಂದೆ ಕಳಿಸಿ ಎತ್ತರದ ಹುಡುಗನನ್ನು ತಂದು ನಿಲ್ಲಿಸಿದರು. ಮನೆಗೆ ಬಂದು ಕೇಳಿದಳು: "ಮೂರು ಹೆಜ್ಜೆ ಇಡುವುದು ನಾನೇ ಅಲ್ವಾ ಅಪ್ಪ? ಯಾಕೆ ನನ್ನನ್ನು ಒಳಗೆ ಕಳಿಸಿದರು?"

ಈ ವರ್ಷ ಅವಳೇ ಟೀಚರ ಹತ್ತಿರ ಹೋಗಿ ಬಲಿ ಚಕ್ರವರ್ತಿ ಪಾತ್ರ ಬೇಕು ಅಂದಿದ್ದಾಳೆ. ಇನ್ನೂ ಉತ್ತರ ಬಂದಿಲ್ಲ.

ರಂಗದ ಮೂಲೆಯಿಂದ
ಅಣ್ಣ, ಬಲಿಯ ಮಾತುಗಳನ್ನು ಈಗಿಂದಲೇ ಬಾಯಿಪಾಠ ಮಾಡಿಸಿ. ದನಿ ಎಲ್ಲಿಂದ ತೆಗೆಯಬೇಕು, ನಿಂತ ಜಾಗದಲ್ಲೇ ವೇದಿಕೆ ಹೇಗೆ ತುಂಬಬೇಕು ಅಂತ ನಾನು ಹೇಳಿಕೊಡುತ್ತೇನೆ. ಫೋನಿನಲ್ಲಾದರೂ ಸರಿ. ಡಿಂಕ್ಲೇಜ್ 2004ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಶೇಕ್ಸ್‌ಪಿಯರ್ ನಾಟಕದ ಮೂರನೇ ರಿಚರ್ಡ್ ರಾಜ ಆಗಿದ್ದವರು. ಅವಳು ಬಲಿ ಯಾಕೆ ಆಗಬಾರದು?

ಬೆಂಚ್ ಮೇಲಿನವನು
ಮಗಳಪ್ಪ ಅವರೇ, ನಾನು ಮೇಲೆ ಇಷ್ಟೊಂದು ವಾದ ಮಾಡಿದೆ. ನಿಮ್ಮ ಮಗಳು ಕೇಳಿದ್ದನ್ನು ಓದಿ ಸುಮ್ಮನಾದೆ. ಕೆಲಸದ ಪ್ರಶ್ನೆ ನನಗೆ ಇನ್ನೂ ಇದೆ. ಆದರೆ ಅವಳಿಗೆ ಬಲಿ ಸಿಗಲಿ.

ಚಿತ್ರಗುಚ್ಛ
ಎಲ್ಲರಿಗೂ ಧನ್ಯವಾದ. ಗಾದೆ ತೆಗೆದೆ. ಹಿರಿಯರಿಗೆ ಈ ಚರ್ಚೆಯನ್ನೇ ಓದಿಸಿದೆ. ಮಗಳ ಪ್ರಶ್ನೆ ಬಂದಲ್ಲಿ ನಿಲ್ಲಿಸಿ, "ಹಾಕಬೇಡಪ್ಪ" ಅಂದರು. ಹೊಸ ಮೊದಲ ಸಾಲು ಹೀಗಿದೆ:

"ಪೀಟರ್ ಡಿಂಕ್ಲೇಜ್ ನಟ. ಸಿಗುತ್ತಿದ್ದ ಪಾತ್ರಗಳನ್ನು ಬೇಡ ಅಂದು, ಆರು ವರ್ಷ ಡೇಟಾ ಎಂಟ್ರಿ ಮಾಡಿದರು."

ಕುಬ್ಜತೆಯ ವಿಷಯ ಮೂರನೇ ಸಾಲಿನಲ್ಲಿ ಬರುತ್ತೆ. ಜೀನ್ ಪಾಠ ಮೇಡಂ ಹೇಳಿದ ಎರಡು ಸಾಲು ಅದರ ಕೆಳಗೆ. ಸ್ನೋ ವೈಟ್ ಜಗಳವನ್ನೂ ಹಾಕಿದ್ದೇನೆ, ಎರಡೂ ಕಡೆಯ ಮಾತು ಇದೆ. ಮೊದಲು ಟಿಟೊ ಸಿಡಿಯುವ ದೃಶ್ಯ, ಆಮೇಲೆ 'ಸ್ಟೇಷನ್ ಏಜೆಂಟ್'.

ಮಗಳಪ್ಪ ಅವರೇ, ಮಗಳನ್ನು ಕರೆದುಕೊಂಡು ಬನ್ನಿ. ದೊಡ್ಡವರ ಸಿನಿಮಾಗೆ ಮೊದಲು ಅರ್ಧ ಗಂಟೆ ಆಯ್ದ ತುಣುಕು ಹಾಕುತ್ತೇನೆ. ಹಳಿ ಮೇಲೆ ಮೂವರು ನಡೆಯುವ ದೃಶ್ಯವೂ ಇರುತ್ತೆ.

ಮಗಳಪ್ಪ
ಖಂಡಿತ ಬರುತ್ತೇವೆ. ಒಂದು ಸಣ್ಣ ವಿನಂತಿ. ಕುರ್ಚಿ ಎತ್ತರ ಇದ್ದರೆ ಅವಳ ಕಾಲು ನೇತಾಡುತ್ತೆ, ಸ್ವಲ್ಪ ಹೊತ್ತಿಗೇ ಬೆನ್ನು ನೋವು ಬರುತ್ತೆ. ಕಾಲಿಡಲು ಒಂದು ಪುಟ್ಟ ಸ್ಟೂಲ್ ಸಿಗುತ್ತಾ? ಇಲ್ಲದಿದ್ದರೆ ನಾನೇ ತರುತ್ತೇನೆ.

ಚಿತ್ರಗುಚ್ಛ
ನೀವು ತರಬೇಡಿ. ಸ್ಟೂಲ್ ಇಟ್ಟಿರುತ್ತೇನೆ.

ರಂಗದ ಮೂಲೆಯಿಂದ
ಎರಡು ಇಡಿ. ನಾನೂ ಬರುತ್ತಿದ್ದೇನೆ.